ಎಪ್ಪತ್ತೆರಡು ಪಟ್ಟು ಚಿಕ್ಕ ವಿಮಾನ



ನಿಮ್ಮ ಸಮಾಜ ವಿಜ್ಞಾನ ಪುಸ್ತಕದಲ್ಲಿರುವ ಭೂಪಟವನ್ನು ಒಮ್ಮೆ ತೆರೆಯಿರಿ. ಅದರ ಮೂಲೆಯಲ್ಲಿ ಒಂದು ಸಣ್ಣ ಗೆರೆ, ಗೆರೆಯ ಪಕ್ಕದಲ್ಲಿ ಕಿಲೋಮೀಟರಿನ ಲೆಕ್ಕ ಇರುತ್ತದೆ. ಅದೇ ಅಳತೆಗೋಲು, ನಾವು ಮಾತಿನಲ್ಲಿ ಹೇಳುವ ಸ್ಕೇಲ್. ಆ ಗೆರೆ ಇರುವುದರಿಂದಲೇ ನೀವು ಭೂಪಟದ ಮೇಲೆ ಪಟ್ಟಿ ಇಟ್ಟು ಕಾಸರಗೋಡಿನಿಂದ ಮಂಗಳೂರಿಗೆ, ಸೊಲ್ಲಾಪುರದಿಂದ ವಿಜಯಪುರಕ್ಕೆ ಎಷ್ಟು ದೂರ ಅಂತ ಲೆಕ್ಕ ಹಾಕಬಹುದು. ಗೆರೆ ಇಲ್ಲದಿದ್ದರೆ ಭೂಪಟ ನೋಡಲು ಚೆಂದದ ಚಿತ್ರ, ಅಷ್ಟೇ.

ಊರು, ನದಿ, ಬೆಟ್ಟಗಳನ್ನು ಹೀಗೆ ಚಿಕ್ಕದು ಮಾಡಿದಂತೆ ಒಂದು ವಿಮಾನವನ್ನೂ ಅಳತೆ ತಪ್ಪದೆ ಚಿಕ್ಕದು ಮಾಡಬಹುದು. ಜಗತ್ತಿನ ಎಷ್ಟೋ ದೇಶಗಳಲ್ಲಿ ಮಕ್ಕಳು, ದೊಡ್ಡವರು ಇದನ್ನು ಹವ್ಯಾಸವಾಗಿ ಮಾಡುತ್ತಾರೆ. ಅಂಗಡಿಯಲ್ಲಿ ಒಂದು ಡಬ್ಬಿ ಸಿಗುತ್ತದೆ. ಅದನ್ನು ಕಿಟ್ ಅನ್ನುತ್ತಾರೆ. ಒಳಗೆ ಪ್ಲಾಸ್ಟಿಕ್ಕಿನ ಚೌಕಟ್ಟುಗಳು, ಆ ಚೌಕಟ್ಟಿಗೆ ಹಣ್ಣಿನಂತೆ ನೇತುಬಿದ್ದ ರೆಕ್ಕೆ, ಬಾಲ, ಚಕ್ರ, ಕುರ್ಚಿ. ಅವನ್ನು ಒಂದೊಂದಾಗಿ ಕತ್ತರಿಸಿ, ಉಜ್ಜಿ, ಅಂಟಿಸಿ, ಬಣ್ಣ ಹಚ್ಚಿದರೆ ಅಂಗೈ ಅಗಲದ ವಿಮಾನ ತಯಾರು. ಡಬ್ಬಿಯ ಮೇಲೆ ಒಂದು ಸಂಖ್ಯೆ ಅಚ್ಚಾಗಿರುತ್ತದೆ: 1:72. ಈ ಲೇಖನ ಆ ಸಂಖ್ಯೆಯ ಬಗ್ಗೆ. ಕತ್ತರಿಸುವಾಗ, ಉಜ್ಜುವಾಗ, ಕೊನೆಗೆ ಬಣ್ಣ ಹಚ್ಚುವಾಗಲೂ ಅದು ನಿಮ್ಮ ಬೆನ್ನು ಬಿಡುವುದಿಲ್ಲ. ಹೇಗೆ ಅಂತ ನೋಡೋಣ.

ಶಾಲೆಗಳಿಗೆ ಬಂದ ಒಂದು ಬೇಡಿಕೆ

ಮೊದಲು ಒಂದು ನಿಜ ಸಂಗತಿ. 1939ರ ಸೆಪ್ಟೆಂಬರ್ 6. ಎರಡನೇ ಮಹಾಯುದ್ಧ ಶುರುವಾಗಿ ಇನ್ನೂ ಕೆಲವೇ ದಿನ. ಇಂಗ್ಲೆಂಡಿನ ಪೂರ್ವ ಭಾಗದ ಆಕಾಶದಲ್ಲಿ ಬ್ರಿಟನ್ನಿನದೇ ಸ್ಪಿಟ್‌ಫೈರ್ ವಿಮಾನಗಳು ಬ್ರಿಟನ್ನಿನದೇ ಎರಡು ಹರಿಕೇನ್ ವಿಮಾನಗಳನ್ನು ಜರ್ಮನಿಯ ಮೆಸರ್‌ಸ್ಮಿಟ್ ಎಂದು ತಿಳಿದು ಹೊಡೆದು ಉರುಳಿಸಿದವು. ಒಬ್ಬ ಪೈಲಟ್ ತನ್ನವರ ಗುಂಡಿಗೇ ಬಲಿಯಾದ. ಮೂರೂ ಒಂದೇ ಎಂಜಿನ್ನಿನ, ದೇಹದ ಕೆಳಭಾಗಕ್ಕೆ ರೆಕ್ಕೆ ಜೋಡಿಸಿದ ವಿಮಾನಗಳು. ದೂರದಿಂದ, ಗಡಿಬಿಡಿಯಲ್ಲಿ ನೋಡಿದರೆ ಗುರುತು ಹಿಡಿಯುವುದು ಸುಲಭವಲ್ಲ.

ಮುಂದೆ ಅಮೆರಿಕವೂ ಯುದ್ಧಕ್ಕೆ ಇಳಿಯಿತು. ಪೈಲಟ್‌ಗಳು, ಹಡಗಿನ ತೋಪು ನಡೆಸುವವರು, ನೆಲದ ಮೇಲೆ ನಿಂತು ಆಕಾಶ ಕಾಯುವವರು, ಎಲ್ಲರಿಗೂ ವಿಮಾನಗಳ ಆಕಾರ ಕಲಿಸಬೇಕಿತ್ತು. ಚಿತ್ರ ಸಾಲದು, ಯಾಕೆಂದರೆ ವಿಮಾನ ಯಾವ ಕೋನದಲ್ಲಿ ಬರುತ್ತದೋ ಗೊತ್ತಿಲ್ಲ. ಕೈಯಲ್ಲಿ ಹಿಡಿದು ತಿರುಗಿಸಿ ನೋಡುವ ಮಾದರಿಯೇ ಬೇಕು. ಅದಕ್ಕೆ 1942ರಲ್ಲಿ ಅಮೆರಿಕದ ನೌಕಾಪಡೆ ಮತ್ತು ಅಲ್ಲಿನ ಶಿಕ್ಷಣ ಇಲಾಖೆ ಸೇರಿ ಹೈಸ್ಕೂಲು ವಿದ್ಯಾರ್ಥಿಗಳನ್ನು ಕೇಳಿಕೊಂಡವು: ಐವತ್ತು ಬಗೆಯ ವಿಮಾನ, ಬಗೆಗೆ ಹತ್ತು ಸಾವಿರದಂತೆ ಒಟ್ಟು ಐದು ಲಕ್ಷ ಮಾದರಿ ಮಾಡಿಕೊಡಿ ಅಂತ. ನಿಮ್ಮ ವಯಸ್ಸಿನ ಮಕ್ಕಳು ಶಾಲೆಯ ಕೈಕೆಲಸದ ಕೋಣೆಯಲ್ಲಿ ಕೂತು ಮರ ಕೆತ್ತಿ, ಅಚ್ಚಿನ ನಕ್ಷೆಗೆ ಹಿಡಿದು ನೋಡಿ, ಉಜ್ಜಿ, ಕಪ್ಪು ಬಣ್ಣ ಹಚ್ಚಿ ಕೊಟ್ಟರು. ಕಪ್ಪು ಯಾಕೆ? ಬೆಳಕಿನ ಆಕಾಶದ ಎದುರು ದೂರದ ವಿಮಾನದ ಬಣ್ಣ ಕಾಣುವುದಿಲ್ಲ. ಆಕಾರ ಮಾತ್ರ ಕಾಣುತ್ತದೆ. ಆ ಮಾದರಿಗಳೆಲ್ಲ 1:72 ಅಳತೆಯವು.

ಇಲ್ಲಿ ಅಳತೆ ಎಷ್ಟು ಮುಖ್ಯ ನೋಡಿ. ಸ್ಪಿಟ್‌ಫೈರ್‌ನ ಒಂದು ರೆಕ್ಕೆಯ ತುದಿಯಿಂದ ಇನ್ನೊಂದು ತುದಿಗೆ 11.23 ಮೀಟರ್. ಯುದ್ಧದ ಮೊದಲ ವರ್ಷಗಳ ಮೆಸರ್‌ಸ್ಮಿಟ್ 109ರದ್ದು 9.87 ಮೀಟರ್. ಎರಡನ್ನೂ 72ರಿಂದ ಭಾಗಿಸಿ. ಮಾದರಿಯಲ್ಲಿ ಒಂದು 15.6 ಸೆಂಟಿಮೀಟರ್, ಇನ್ನೊಂದು 13.7 ಸೆಂಟಿಮೀಟರ್. ವ್ಯತ್ಯಾಸ ಎರಡು ಸೆಂಟಿಮೀಟರ್ ಕೂಡ ಇಲ್ಲ. ಕೆತ್ತುವ ಹುಡುಗ ಅಷ್ಟು ಅಳತೆ ತಪ್ಪಿದರೆ ಒಂದು ವಿಮಾನದ ರೆಕ್ಕೆ ಇನ್ನೊಂದರದ್ದಾಗುತ್ತದೆ. ಅದನ್ನು ನೋಡಿ ಕಲಿತವನು ಆಕಾಶದಲ್ಲಿ ತನ್ನವರನ್ನೇ ಶತ್ರು ಎಂದುಕೊಳ್ಳಬಹುದು.

ಅಳತೆ ಸರಿ ಇದ್ದರೆ ಇನ್ನೊಂದು ಉಪಯೋಗ ಇದೆ. 72 ಪಟ್ಟು ಚಿಕ್ಕದಾದ ವಿಮಾನವನ್ನು 10 ಮೀಟರ್ ದೂರದಲ್ಲಿ ಇಟ್ಟರೆ, ಅದು 720 ಮೀಟರ್ ದೂರದಲ್ಲಿರುವ ನಿಜ ವಿಮಾನದಷ್ಟೇ ದೊಡ್ಡದಾಗಿ ಕಾಣುತ್ತದೆ. ವಸ್ತು ಮತ್ತು ದೂರ ಎರಡೂ ಒಂದೇ ಪ್ರಮಾಣದಲ್ಲಿ ಕಡಿಮೆಯಾದಾಗ ಕಣ್ಣಿನಲ್ಲಿ ಉಂಟಾಗುವ ಕೋನ ಬದಲಾಗುವುದಿಲ್ಲ. ನಿಮ್ಮ ಗಣಿತದ ಸಮರೂಪ ತ್ರಿಭುಜಗಳ ಪಾಠ ಇದೇ ಅಲ್ವಾ? ಅಷ್ಟು ದೂರದ ಸ್ಪಿಟ್‌ಫೈರ್ ನಿಮ್ಮ ಚಾಚಿದ ಕೈಯ ಕಿರುಬೆರಳಿನಷ್ಟು ಅಗಲ ಕಾಣುತ್ತದೆ. ಒಂದು ತರಗತಿ ಕೋಣೆಯೊಳಗೆ ಮುಕ್ಕಾಲು ಕಿಲೋಮೀಟರಿನ ಆಕಾಶವನ್ನು ತಂದು ಕಲಿಸಲು ಇದರಿಂದ ಸಾಧ್ಯವಾಯಿತು.

72 ಎಲ್ಲಿಂದ ಬಂತು?

ನೂರು ಅಂತ ಇಟ್ಟಿದ್ದರೆ ಲೆಕ್ಕ ಸುಲಭವಾಗುತ್ತಿತ್ತಲ್ಲ ಅಂತ ನಿಮಗೆ ಅನ್ನಿಸಬಹುದು. ಇದು ಅಡಿ ಮತ್ತು ಇಂಚು ಬಳಸುತ್ತಿದ್ದ ಬ್ರಿಟನ್ನಿನ ಲೆಕ್ಕ. ಒಂದು ಅಡಿಗೆ 12 ಇಂಚು, ಆರು ಅಡಿಗೆ 72 ಇಂಚು. ಆರು ಅಡಿಯನ್ನು ಒಂದು ಇಂಚಿಗೆ ಇಳಿಸಿದರೆ 1:72. ಅಂದರೆ ಆರಡಿ ಎತ್ತರದ ಪೈಲಟ್ ಮಾದರಿಯಲ್ಲಿ ಒಂದೇ ಇಂಚು. ನಿಮ್ಮ ಎತ್ತರ 144 ಸೆಂಟಿಮೀಟರ್ ಇದ್ದರೆ ಆ ಲೋಕದಲ್ಲಿ ನೀವು ಸರಿಯಾಗಿ ಎರಡು ಸೆಂಟಿಮೀಟರ್.

1936ರಲ್ಲಿ ಬ್ರಿಟನ್ನಿನ ಫ್ರಾಗ್ ಎಂಬ ಹೆಸರಿನಡಿ 'ಪೆಂಗ್ವಿನ್' ಸರಣಿಯ ಪ್ಲಾಸ್ಟಿಕ್ ವಿಮಾನ ಕಿಟ್‌ಗಳು ಬಂದವು. ಪೆಂಗ್ವಿನ್ ಹಾರದ ಹಕ್ಕಿ, ಈ ವಿಮಾನಗಳೂ ಹಾರುವುದಿಲ್ಲ. ಅದಕ್ಕೇ ಆ ಹೆಸರು. ಅವೂ 1:72. ಯುದ್ಧ ಮುಗಿದ ಮೇಲೆ 1950ರ ದಶಕದಲ್ಲಿ ಏರ್‌ಫಿಕ್ಸ್‌ನಂಥ ಕಂಪನಿಗಳು ಅದೇ ಅಳತೆಯಲ್ಲಿ ಕಡಿಮೆ ಬೆಲೆಯ ಕಿಟ್‌ಗಳನ್ನು ಮಾಡಿ ಮನೆಮನೆಗೆ ತಲುಪಿಸಿದವು. ಇಂದು 1:48, 1:32 ಎಂಬ ಇನ್ನೂ ದೊಡ್ಡ ಅಳತೆಗಳೂ ಇವೆ. ಇವುಗಳಲ್ಲಿ ಯಾವುದು ದೊಡ್ಡ ಮಾದರಿ ಅಂತ ಕೇಳಿದರೆ ಎಡವಬೇಡಿ. ಭಾಗಿಸುವ ಸಂಖ್ಯೆ ಚಿಕ್ಕದಾದಷ್ಟೂ ಮಾದರಿ ದೊಡ್ಡದು.

ಉದ್ದ ಒಂದು ಲೆಕ್ಕ, ತೂಕ ಇನ್ನೊಂದು ಲೆಕ್ಕ

ಈಗ ಒಂದು ಪ್ರಶ್ನೆ. ಸ್ಪಿಟ್‌ಫೈರ್‌ನ ಮೊದಲ ಮಾದರಿಯ ವಿಮಾನ ಇಂಧನ ತುಂಬಿ ಹಾರಲು ಸಿದ್ಧವಾದಾಗ ಸುಮಾರು 2,600 ಕಿಲೋ ತೂಗುತ್ತಿತ್ತು. ಹಾಗಾದರೆ 1:72ರಲ್ಲಿ ಅದರ ತೂಕ ಎಷ್ಟಿರಬೇಕು? ಬಹಳ ಮಂದಿ 2,600ನ್ನು 72ರಿಂದ ಭಾಗಿಸಿ 36 ಕಿಲೋ ಅನ್ನುತ್ತಾರೆ. ಅಂಗೈ ಅಗಲದ ವಿಮಾನ 36 ಕಿಲೋ ಇರಲು ಸಾಧ್ಯವಾ? ಎಲ್ಲೋ ತಪ್ಪಿದೆ.

ಒಂದು ಪೆಟ್ಟಿಗೆಯ ಉದ್ದವನ್ನು ಅರ್ಧ ಮಾಡಿ, ಅಗಲ ಮತ್ತು ಎತ್ತರಗಳನ್ನೂ ಅರ್ಧ ಮಾಡಿ. ಅದರೊಳಗೆ ಹಿಡಿಸುವ ಅಕ್ಕಿ ಅರ್ಧ ಆಗುವುದಿಲ್ಲ, ಎಂಟನೇ ಒಂದು ಪಾಲು ಆಗುತ್ತದೆ. ಹಾಗೆಯೇ ವಿಮಾನದ ಉದ್ದ 72ನೇ ಒಂದು ಪಾಲು ಆದಾಗ ಅದರ ಮೇಲ್ಮೈ 72 × 72, ಅಂದರೆ 5,184ನೇ ಒಂದು ಪಾಲು ಆಗುತ್ತದೆ. ಗಾತ್ರ 72 × 72 × 72, ಅಂದರೆ 3,73,248ನೇ ಒಂದು ಪಾಲು. ಅದೇ ವಸ್ತುವಿನಿಂದ ಮಾಡಿದರೆ ತೂಕವೂ ಅಷ್ಟೇ ಇಳಿಯಬೇಕು. 2,600 ಕಿಲೋ ಅಂದರೆ 26 ಲಕ್ಷ ಗ್ರಾಂ. ಭಾಗಿಸಿ ನೋಡಿ. ಉತ್ತರ ಸುಮಾರು 7 ಗ್ರಾಂ.

ಆ ಸ್ಪಿಟ್‌ಫೈರ್‌ನ ಟ್ಯಾಂಕುಗಳಲ್ಲಿ 386 ಲೀಟರ್ ಪೆಟ್ರೋಲ್ ಹಿಡಿಯುತ್ತಿತ್ತು. 1:72ರ ಮಾದರಿಯಲ್ಲಿ ಅದು ಒಂದು ಮಿಲಿಲೀಟರ್! ಔಷಧಿ ಹಾಕುವ ಡ್ರಾಪರ್‌ನಿಂದ ಇಪ್ಪತ್ತು ಹನಿ ಬಿಟ್ಟರೆ ಟ್ಯಾಂಕ್ ಫುಲ್.

ಆದರೆ ನಿಮ್ಮ ಪ್ಲಾಸ್ಟಿಕ್ ಸ್ಪಿಟ್‌ಫೈರ್ ಏಳು ಗ್ರಾಂಗಿಂತ ಹಲವು ಪಟ್ಟು ಭಾರ ಇರುತ್ತದೆ. ಯಾಕೆ ಗೊತ್ತಾ? ನಿಜ ವಿಮಾನ ಒಳಗೆ ಹೆಚ್ಚಿನಂಶ ಟೊಳ್ಳು, ಹೊರಗೆ ಸುಮಾರು ಒಂದು ಮಿಲಿಮೀಟರ್ ಅಥವಾ ಅದಕ್ಕೂ ತೆಳುವಾದ ಅಲ್ಯೂಮಿನಿಯಂ ತಗಡು. ಒಂದು ಮಿಲಿಮೀಟರ್ ತಗಡನ್ನು 72ರಿಂದ ಭಾಗಿಸಿದರೆ 0.014 ಮಿಲಿಮೀಟರ್. ಅಷ್ಟು ತೆಳ್ಳಗೆ ಪ್ಲಾಸ್ಟಿಕ್ ಗೋಡೆ ಎರಕ ಹೊಯ್ಯಲು ಆಗುವುದಿಲ್ಲ, ಹೊಯ್ದರೂ ಮುಟ್ಟಿದರೆ ಮುದುಡುತ್ತದೆ. ಹಾಗಾಗಿ ಕಿಟ್‌ನ ಗೋಡೆ ಸುಮಾರು ಒಂದು ಮಿಲಿಮೀಟರ್ ದಪ್ಪ ಇರುತ್ತದೆ. ಇದನ್ನು 72ರಿಂದ ಗುಣಿಸಿದರೆ ನಿಜ ವಿಮಾನಕ್ಕೆ ಏಳು ಸೆಂಟಿಮೀಟರ್ ದಪ್ಪದ ಗೋಡೆ ಕಟ್ಟಿದ ಹಾಗೆ.

ಮಾದರಿ ಕಟ್ಟುವವರ ಕಷ್ಟವೆಲ್ಲ ಇಲ್ಲಿಂದಲೇ ಶುರು. ಆಕಾರವನ್ನು ಚಿಕ್ಕದು ಮಾಡಬಹುದು, ಆದರೆ ಪ್ಲಾಸ್ಟಿಕ್ಕಿನ ಗಟ್ಟಿತನ, ಬಣ್ಣದ ಪದರ, ಧೂಳಿನ ಕಣ, ನಮ್ಮ ಬೆರಳಿನ ಗಾತ್ರ ಇವು ಯಾವುವೂ ಚಿಕ್ಕದಾಗುವುದಿಲ್ಲ. ಕಿಟ್ ಕಟ್ಟುವ ಒಂದೊಂದು ಹಂತದಲ್ಲೂ ಇವುಗಳ ಜೊತೆ ಹೊಂದಾಣಿಕೆ ಮಾಡಿಕೊಳ್ಳಬೇಕು.

ಥರ್ಮಾಕೋಲಿನ ಅಣ್ಣ

ಕಿಟ್‌ನ ಪ್ಲಾಸ್ಟಿಕ್ ನಿಮಗೆ ಹೊಸದೇನಲ್ಲ. ಅದರ ಹೆಸರು ಪಾಲಿಸ್ಟೈರೀನ್. ಸಿಡಿ ಇಡುತ್ತಿದ್ದ ಪಾರದರ್ಶಕ ಡಬ್ಬಿ ಇದರದ್ದೇ. ನೀವು ವಿಜ್ಞಾನ ಮೇಳಕ್ಕೆ ಜ್ವಾಲಾಮುಖಿ ಮಾಡಲು ತರುವ ಥರ್ಮಾಕೋಲ್ ಕೂಡ ಇದೇ ಪ್ಲಾಸ್ಟಿಕ್, ಗಾಳಿ ತುಂಬಿ ಉಬ್ಬಿಸಿದ್ದು. ಥರ್ಮಾಕೋಲಿನ ನೂರರಲ್ಲಿ 95 ಪಾಲಿಗಿಂತ ಹೆಚ್ಚು ಬರೀ ಗಾಳಿ.

ಪಾಲಿಸ್ಟೈರೀನ್ ಸುಮಾರು 100 ಡಿಗ್ರಿ ಸೆಲ್ಸಿಯಸ್ ಹತ್ತಿರ ಬಂದರೆ ಮೆತ್ತಗಾಗುತ್ತದೆ, ಇನ್ನೂ ಕಾಯಿಸಿದರೆ ಕರಗಿ ಹರಿಯುತ್ತದೆ. ಕಾರ್ಖಾನೆಯಲ್ಲಿ ಅದನ್ನು ಕರಗಿಸಿ, ಎರಡು ಉಕ್ಕಿನ ಅಚ್ಚುಗಳ ನಡುವೆ ಭಾರೀ ಒತ್ತಡದಲ್ಲಿ ನುಗ್ಗಿಸುತ್ತಾರೆ. ತಣಿದ ಮೇಲೆ ಅಚ್ಚು ತೆರೆದುಕೊಳ್ಳುತ್ತದೆ, ಒಳಗಿನ ಪಿನ್ನುಗಳು ಭಾಗವನ್ನು ಹೊರಕ್ಕೆ ದೂಡುತ್ತವೆ. ಕಿಟ್‌ನ ಒಂದು ಚೂರನ್ನು ಕೈಗೆತ್ತಿಕೊಂಡು ನೋಡಿದರೆ ಈ ಕಥೆಯೆಲ್ಲ ಅದರ ಮೈಮೇಲೆ ಓದಲು ಸಿಗುತ್ತದೆ. ಅಂಚಿನ ಸುತ್ತ ಕೂದಲೆಳೆಯಂಥ ಗೆರೆ ಇದ್ದರೆ ಅಲ್ಲಿ ಎರಡು ಅಚ್ಚು ಕೂಡಿದ್ದವು. ಒಳಮೈಯಲ್ಲಿ ಸಣ್ಣ ವೃತ್ತಗಳಿದ್ದರೆ ಅವು ಪಿನ್ನು ದೂಡಿದ ಗುರುತು. ದಪ್ಪ ಇರುವ ಕಡೆ ತಗ್ಗು ಬಿದ್ದಿದ್ದರೆ ಅಲ್ಲಿ ಪ್ಲಾಸ್ಟಿಕ್ ತಣಿಯುವಾಗ ಕುಗ್ಗಿದೆ. ಇವುಗಳಲ್ಲಿ ಯಾವುದೂ ನಿಜ ವಿಮಾನದಲ್ಲಿ ಇಲ್ಲ. ಅದಕ್ಕೇ ಅವನ್ನು ಉಜ್ಜಿ ತೆಗೆಯಬೇಕು ಅಥವಾ ಲಪ್ಪ ತುಂಬಿ ಮುಚ್ಚಬೇಕು.

ಭಾಗ ಅಚ್ಚಿಗೆ ಅಂಟಿಕೊಳ್ಳದಿರಲಿ ಅಂತ ಕೆಲವೊಮ್ಮೆ ಎಣ್ಣೆಯಂಥ ವಸ್ತು ಸವರಿರುತ್ತಾರೆ. ಅದು ಉಳಿದುಕೊಂಡರೆ ಬಣ್ಣ ಹಿಡಿಯುವುದಿಲ್ಲ. ಆದ್ದರಿಂದ ಮೊದಲ ಕೆಲಸ, ಚೌಕಟ್ಟುಗಳನ್ನು ಉಗುರು ಬೆಚ್ಚಗಿನ ಸೋಪಿನ ನೀರಿನಲ್ಲಿ ತೊಳೆದು ನೆರಳಿನಲ್ಲಿ ಒಣಗಿಸುವುದು.

ಅಂಟು ಹೇಗೆ ಹಿಡಿಯುತ್ತದೆ?

ಇದಕ್ಕೆ ಒಂದು ಪ್ರಯೋಗ ಮಾಡಿ. ಕಿತ್ತಳೆ ಸಿಪ್ಪೆಯನ್ನು ಥರ್ಮಾಕೋಲ್ ತುಂಡಿನ ಮೇಲೆ ಹಿಡಿದು, ಹೊರಮೈ ಥರ್ಮಾಕೋಲಿನ ಕಡೆಗೆ ಇರುವಂತೆ ಮಡಚಿ ಹಿಂಡಿ. ಸಿಪ್ಪೆಯಿಂದ ಎಣ್ಣೆ ಚಿಮ್ಮುತ್ತದೆ. ಹತ್ತಾರು ಸಲ ಮಾಡಿ ಸ್ವಲ್ಪ ಕಾಯಿರಿ. ಎಣ್ಣೆ ಬಿದ್ದಲ್ಲಿ ಸಣ್ಣ ಸಣ್ಣ ಗುಂಡಿ ಬಿದ್ದಿರುತ್ತದೆ. ಸಿಪ್ಪೆಯ ಎಣ್ಣೆಯಲ್ಲಿರುವ ಲಿಮೊನೀನ್ ಎಂಬ ವಸ್ತು ಪಾಲಿಸ್ಟೈರೀನನ್ನು ಕರಗಿಸುತ್ತದೆ. ಕಣ್ಣಿಗೆ ಸಿಡಿಯದಂತೆ ಮಾತ್ರ ನೋಡಿಕೊಳ್ಳಿ.

ಪಾಲಿಸ್ಟೈರೀನ್ ಅಂದರೆ ಸ್ಟೈರೀನ್ ಎಂಬ ಸಣ್ಣ ಅಣುಗಳು ಸಾವಿರಾರು ಸಂಖ್ಯೆಯಲ್ಲಿ ಮಣಿಸರದಂತೆ ಪೋಣಿಸಿಕೊಂಡ ಉದ್ದನೆಯ ಸರಪಳಿಗಳು. ಆ ಸರಪಳಿಗಳು ಪಾತ್ರೆಯಲ್ಲಿನ ಶ್ಯಾವಿಗೆಯ ಹಾಗೆ ಒಂದಕ್ಕೊಂದು ಸಿಕ್ಕು ಬಿದ್ದಿರುತ್ತವೆ. ಕಿಟ್‌ಗೆ ಬಳಸುವ ಅಂಟು ನಿಜವಾಗಿ ಒಂದು ದ್ರಾವಕ. ಅದನ್ನು ಕೂಡುವ ಜಾಗಕ್ಕೆ ತೆಳ್ಳಗೆ ಸವರಿದರೆ ಎರಡೂ ಭಾಗಗಳ ಅಂಚಿನ ಸರಪಳಿಗಳು ಸಡಿಲಗೊಂಡು ಒಂದರೊಳಗೊಂದು ನುಗ್ಗುತ್ತವೆ. ದ್ರಾವಕ ಆವಿಯಾಗಿ ಹೋದ ಮೇಲೆ ಅಲ್ಲಿ ಅಂಟಿನ ಪದರ ಅಂತ ಏನೂ ಉಳಿಯುವುದಿಲ್ಲ. ಎರಡು ತುಂಡು ಒಂದೇ ಪ್ಲಾಸ್ಟಿಕ್ ಆಗಿಬಿಟ್ಟಿರುತ್ತದೆ. ಕಮ್ಮಾರ ಕಬ್ಬಿಣ ಬೆಸೆದ ಹಾಗೆ.

ಇದು ತಿಳಿದರೆ ಕೆಲಸದ ಕೆಲವು ನಿಯಮಗಳು ತಾವಾಗಿಯೇ ಅರ್ಥವಾಗುತ್ತವೆ. ಕೂಡುವ ಜಾಗದಲ್ಲಿ ಬಣ್ಣ ಹಚ್ಚಿದ್ದರೆ ಕೆರೆದು ತೆಗೆಯಬೇಕು, ಯಾಕೆಂದರೆ ದ್ರಾವಕ ಪ್ಲಾಸ್ಟಿಕ್ಕನ್ನು ಮುಟ್ಟಬೇಕು. ಅಂಟು ಜಾಸ್ತಿ ಹಾಕಿದರೆ ಗಟ್ಟಿ ಆಗುವುದಿಲ್ಲ, ರೆಕ್ಕೆಯೇ ಕರಗಿ ಗುಳಿ ಬೀಳುತ್ತದೆ. ಪೈಲಟ್ ಕೂರುವ ಜಾಗದ ಗಾಜಿನಂಥ ಮುಚ್ಚಳಕ್ಕೆ ಈ ಅಂಟು ಹಾಕಿದರೆ ಅದು ಮಂಜಾಗುತ್ತದೆ. ಅಲ್ಲಿಗೆ ಮರಕ್ಕೆ ಹಾಕುವ ಬಿಳಿ ಅಂಟೇ ವಾಸಿ, ಒಣಗಿದ ಮೇಲೆ ಕಾಣುವುದೂ ಇಲ್ಲ. ದ್ರಾವಕದ ಆವಿ ಉಸಿರಿಗೆ ಒಳ್ಳೆಯದಲ್ಲ, ಬೆಂಕಿಯೂ ಬೇಗ ಹಿಡಿಯುತ್ತದೆ. ಕಿಟಕಿ ತೆರೆದಿಟ್ಟು, ದೀಪ, ಒಲೆಗಳಿಂದ ದೂರ ಕೂತು, ದೊಡ್ಡವರು ಜೊತೆಗಿರುವಾಗಲೇ ಬಳಸಿ.

ಕಟ್ಟುವ ಕ್ರಮ

ಕಿಟ್‌ನ ಜೊತೆ ಬರುವ ಸೂಚನಾ ಹಾಳೆಯಲ್ಲಿ ಹೆಚ್ಚಾಗಿ ಚಿತ್ರಗಳೇ ಇರುತ್ತವೆ. ಯಾವ ಭಾಷೆಯವರಾದರೂ ಓದಬಹುದು. ಒಮ್ಮೆ ಕೊನೆಯ ತನಕ ನೋಡಿ, ಆಮೇಲೆ ಕತ್ತರಿ ಹಿಡಿಯಿರಿ. ಭಾಗವನ್ನು ಚೌಕಟ್ಟಿನಿಂದ ತಿರುಚಿ ಮುರಿಯಬಾರದು. ಸ್ವಲ್ಪ ದೂರದಲ್ಲಿ ಕತ್ತರಿಸಿ, ಉಳಿದ ಮೊಳಕೆಯನ್ನು ನೀರು ಹಚ್ಚಿದ ನಯವಾದ ಉಪ್ಪುಕಾಗದದಿಂದ ಉಜ್ಜಬೇಕು. ನೀರು ಹಚ್ಚಿದರೆ ಪ್ಲಾಸ್ಟಿಕ್ ಧೂಳು ಮೂಗಿಗೆ ಏರುವುದಿಲ್ಲ. ಬ್ಲೇಡು ಬಳಸುವುದಾದರೆ ಅಲಗು ಬೆರಳಿನಿಂದ ಆಚೆಗೆ ಚಲಿಸಲಿ.

ಕ್ರಮದಲ್ಲಿ ಒಂದು ವಿಚಿತ್ರ ಇದೆ. ಮನೆ ಕಟ್ಟುವಾಗ ಗೋಡೆ ಎದ್ದ ಮೇಲೆ ಒಳಗಿನ ಬಣ್ಣ. ಇಲ್ಲಿ ಉಲ್ಟಾ. ಪೈಲಟ್‌ನ ಕುರ್ಚಿ, ಮೀಟರ್ ಹಲಗೆ, ಒಳಗೋಡೆ ಇವಕ್ಕೆ ಮೊದಲೇ ಬಣ್ಣ ಹಚ್ಚಬೇಕು. ದೇಹದ ಎರಡು ಹೋಳು ಕೂಡಿದ ಮೇಲೆ ನಿಮ್ಮ ಬೆರಳು ಅಲ್ಲಿಗೆ ಹೋಗುವುದಿಲ್ಲ. ನಿಜ ವಿಮಾನದೊಳಕ್ಕೆ ಮೆಕ್ಯಾನಿಕ್ ಇಳಿಯುತ್ತಾನೆ, ಮಾದರಿಯ ಮೆಕ್ಯಾನಿಕ್ ವಿಮಾನಕ್ಕಿಂತ ದೊಡ್ಡವನು!

ರೇಡಿಯೋ ತಂತಿಯಂಥ ಸಪೂರ ವಸ್ತು ಎರಕದಲ್ಲಿ ಬರುವುದಿಲ್ಲ. ಅದಕ್ಕೆ ಖಾಲಿ ಚೌಕಟ್ಟಿನ ಕಡ್ಡಿಯನ್ನು ಮೇಣದಬತ್ತಿಯ ಜ್ವಾಲೆಯ ಮೇಲೆ, ಜ್ವಾಲೆಗೆ ತಾಗದಂತೆ ಹಿಡಿದು, ಮೆತ್ತಗಾದ ಕೂಡಲೇ ಎರಡೂ ಕಡೆ ಎಳೆಯುತ್ತಾರೆ. ಬೆಲ್ಲದ ಪಾಕದ ಎಳೆಯಂತೆ ಅದು ನೂಲಾಗುತ್ತದೆ. ಟೀಚರ್ ಮುಂದೆ ನಿಂತು ಮಾಡಿಸಬೇಕಾದ ಕೆಲಸ ಇದು. ಎಳೆದಾಗ ಪ್ಲಾಸ್ಟಿಕ್ ಹೆಚ್ಚೂ ಆಗುವುದಿಲ್ಲ, ಕಡಿಮೆಯೂ ಆಗುವುದಿಲ್ಲ. ಆದ್ದರಿಂದ 2 ಮಿಲಿಮೀಟರ್ ದಪ್ಪದ ಕಡ್ಡಿ 0.2 ಮಿಲಿಮೀಟರ್ ನೂಲಾಗಲು ಅದರ ಉದ್ದ ನೂರು ಪಟ್ಟು ಆಗಬೇಕು. ವ್ಯಾಸ ಹತ್ತನೇ ಒಂದು ಪಾಲು ಆದರೆ ಉದ್ದ ಯಾಕೆ ನೂರು ಪಟ್ಟು ಅಂತ ನೀವೇ ಯೋಚಿಸಿ. ಇಷ್ಟು ಸಪೂರ ಮಾಡಿದರೂ ನಿಜ ಅಳತೆಯಲ್ಲಿ ಅದು 14 ಮಿಲಿಮೀಟರ್ ದಪ್ಪದ ಹಗ್ಗ!

ಬಣ್ಣದ ಪದರ

ಬಣ್ಣ ಹಚ್ಚುವಾಗ 72 ಮತ್ತೆ ಎದುರಾಗುತ್ತದೆ. ನೀವು ಹಚ್ಚಿದ ಬಣ್ಣ ಒಣಗಿ 0.1 ಮಿಲಿಮೀಟರ್ ದಪ್ಪ ಆಯಿತು ಅನ್ನಿ. ನಿಜ ವಿಮಾನದಲ್ಲಿ ಅದು ಏಳು ಮಿಲಿಮೀಟರ್‌ಗೂ ಮೀರಿದ ಗಾರೆ. ತಗಡುಗಳು ಕೂಡುವ ಗೆರೆ, ಸಣ್ಣ ಬಾಗಿಲುಗಳ ಅಂಚು ಎಲ್ಲ ಅದರಡಿ ಹೂತುಹೋಗುತ್ತವೆ. ಹಾಗಾಗಿ ಬಣ್ಣವನ್ನು ಹಾಲಿನಷ್ಟು ತೆಳ್ಳಗೆ ಮಾಡಿಕೊಂಡು, ಒಂದು ಪದರ ಪೂರ್ತಿ ಒಣಗಿದ ಮೇಲೆ ಇನ್ನೊಂದು, ಹೀಗೆ ಎರಡು ಮೂರು ಸಲ ಹಚ್ಚಬೇಕು. ಮೊದಲ ಪದರ ಮಾಸಲು ಕಾಣುತ್ತದೆ. ಗಾಬರಿ ಬೇಡ. ನೀರಿನಲ್ಲಿ ಬೆರೆಯುವ ಅಕ್ರಿಲಿಕ್ ಬಣ್ಣ ವಿದ್ಯಾರ್ಥಿಗಳಿಗೆ ಒಳ್ಳೆಯದು. ಎನಾಮೆಲ್ ಬಣ್ಣಕ್ಕೆ ದ್ರಾವಕ ಬೇಕು, ವಾಸನೆಯೂ ಜಾಸ್ತಿ.

ಕೆಲವರು ಏರ್‌ಬ್ರಷ್ ಬಳಸುತ್ತಾರೆ. ಅತ್ತರಿನ ಸೀಸೆ ಕೆಲಸ ಮಾಡುವ ಹಾಗೆ, ಬಾಯಿಯ ಮುಂದೆ ವೇಗವಾಗಿ ಹಾಯುವ ಗಾಳಿ ಬಣ್ಣವನ್ನು ಸೆಳೆದು ಮಂಜಿನ ಹನಿಗಳಾಗಿ ಒಡೆಯುತ್ತದೆ. ಆದರೆ ಒಳ್ಳೆಯ ಒಂದು ಚಪ್ಪಟೆ ಕುಂಚ, ತಾಳ್ಮೆ ಇದ್ದರೆ ಶುರು ಮಾಡಲು ಸಾಕು.

ಯಾವ ಬಣ್ಣ? ಇಲ್ಲಿ ನಿಮ್ಮ ಇಷ್ಟಕ್ಕಿಂತ ಆ ವಿಮಾನದ ಚರಿತ್ರೆ ಮುಖ್ಯ. 1940ರ ಬೇಸಿಗೆಯಲ್ಲಿ ಬ್ರಿಟನ್ನಿನ ಮೇಲೆ ಹಾರುತ್ತಿದ್ದ ಸ್ಪಿಟ್‌ಫೈರ್‌ಗಳ ಬೆನ್ನಿಗೆ ಮಣ್ಣಿನ ಕಂದು ಮತ್ತು ಕಡು ಹಸಿರು ಪಟ್ಟೆಗಳಿದ್ದವು, ಹೊಟ್ಟೆಗೆ ನಸು ಹಸಿರು ಛಾಯೆಯ ಆಕಾಶದ ಬಣ್ಣ. ಮೇಲಿನಿಂದ ನೋಡಿದವನಿಗೆ ಹೊಲ, ತೋಪುಗಳಲ್ಲಿ ಬೆರೆತು ಹೋಗಲಿ, ಕೆಳಗಿನಿಂದ ನೋಡಿದವನಿಗೆ ಆಕಾಶದಲ್ಲಿ ಕರಗಲಿ ಅಂತ. ಕಾಸರಗೋಡಿನ ಕಡಲ ಕರೆಯ ಮಕ್ಕಳಿಗೆ ಈ ಉಪಾಯ ಹೊಸತಲ್ಲ. ಬಂಗುಡೆ ಮೀನನ್ನು ನೋಡಿ: ಬೆನ್ನು ಕಡು ನೀಲಿ ಹಸಿರು, ಹೊಟ್ಟೆ ಬೆಳ್ಳಿ. ಮೇಲಿನಿಂದ ಎರಗುವ ಹಕ್ಕಿಗೂ ಅಡಿಯಿಂದ ಬರುವ ದೊಡ್ಡ ಮೀನಿಗೂ ಒಂದೇ ಸಲ ಕಣ್ಣು ತಪ್ಪಿಸುವ ಏರ್ಪಾಡು.

ಚಿಹ್ನೆಗಳನ್ನು ಬಿಡಿಸಬೇಕಾಗಿಲ್ಲ. ಅವು ಗೋಂದು ಸವರಿದ ಕಾಗದದ ಮೇಲೆ ಅಚ್ಚಾಗಿ ಬರುತ್ತವೆ. ನೀರಿನಲ್ಲಿ ಅದ್ದಿ ಅರ್ಧ ನಿಮಿಷ ಬಿಟ್ಟರೆ ಗೋಂದು ಕರಗಿ ಚಿತ್ರ ಜಾರುತ್ತದೆ. ಅದನ್ನು ಮೈಮೇಲೆ ಜಾರಿಸಿ ಒತ್ತಿದರೆ ಆಯಿತು. ಒರಟು ಬಣ್ಣದ ಮೇಲೆ ಇಟ್ಟರೆ ಅಡಿಯಲ್ಲಿ ಗಾಳಿ ಸಿಕ್ಕಿಕೊಂಡು ಬೆಳಕು ಪ್ರತಿಫಲಿಸಿ ಅಂಚು ಬೆಳ್ಳಿಯಂತೆ ಹೊಳೆಯುತ್ತದೆ. ಅದಕ್ಕೇ ಮೊದಲು ಹೊಳಪಿನ ವಾರ್ನಿಷ್ ಒಂದು ಪದರ ಹಚ್ಚಿ ಮೈ ನಯ ಮಾಡಿಕೊಳ್ಳುತ್ತಾರೆ. ಕೊನೆಗೆ ನೀರಾದ ಕಪ್ಪು ಬಣ್ಣವನ್ನು ತಗಡಿನ ಗೆರೆಗೆ ತಾಗಿಸಿದರೆ, ದೀಪದ ಬತ್ತಿಯಲ್ಲಿ ಎಣ್ಣೆ ಏರುವಂತೆ ಅದು ಗೆರೆಯುದ್ದಕ್ಕೂ ತಾನೇ ಹರಿಯುತ್ತದೆ.

ನಡುವಿನ ಗಾಳಿ

ಈಗ ಇನ್ನೊಂದು ಸೂಕ್ಷ್ಮ. ನೀವು ಮಾದರಿಯನ್ನು 30 ಸೆಂಟಿಮೀಟರ್ ದೂರ ಹಿಡಿದು ನೋಡುತ್ತೀರಿ. 72ರಿಂದ ಗುಣಿಸಿ. ಅದು ನಿಜ ವಿಮಾನವನ್ನು ಸುಮಾರು 21 ಮೀಟರ್ ಆಚೆಯಿಂದ ನೋಡಿದ ಹಾಗೆ. ತರಗತಿಯ ಆ ಕಡೆಯಿಂದ ನೋಡಿದರೆ ನೂರಾರು ಮೀಟರ್. ನಿಜ ವಿಮಾನ ಮತ್ತು ಕಣ್ಣಿನ ನಡುವೆ ಅಷ್ಟು ಗಾಳಿ ಇರುತ್ತದೆ. ಮಾದರಿ ಮತ್ತು ಕಣ್ಣಿನ ನಡುವೆ ಇಲ್ಲ.

ಗಾಳಿ ಏನು ಮಾಡುತ್ತದೆ? ನೀಲಗಿರಿಯ ಮಕ್ಕಳನ್ನು ಕೇಳಿ. ಹತ್ತಿರದ ಬೆಟ್ಟ ಹಸಿರು, ಅದರ ಹಿಂದಿನದು ಮಾಸಿದ ಹಸಿರು, ಇನ್ನೂ ಹಿಂದಿನದು ತಿಳಿ ನೀಲಿ. ಮರಗಳು ಬದಲಾಗಿಲ್ಲ. ನಡುವಿನ ಗಾಳಿ ಮತ್ತು ಅದರಲ್ಲಿನ ಕಣಗಳು ಬೆಳಕನ್ನು ಚದುರಿಸಿ ಬಣ್ಣದ ಮೇಲೆ ತೆಳುವಾದ ಬೆಳಕಿನ ಪರದೆ ಹೊದಿಸಿವೆ. ಆದ್ದರಿಂದ ನಿಜ ವಿಮಾನದ ಡಬ್ಬಿಯಿಂದಲೇ ಬಣ್ಣ ತೆಗೆದು ಮಾದರಿಗೆ ಹಚ್ಚಿದರೆ ಅದು ಹೆಚ್ಚು ಕಡುವಾಗಿ, ಆಟಿಕೆಯ ಹಾಗೆ ಕಾಣುತ್ತದೆ ಎಂದು ಅನೇಕ ಮಾದರಿಕಾರರು ಹೇಳುತ್ತಾರೆ. ಅವರು ಬಣ್ಣಕ್ಕೆ ಒಂದೆರಡು ಹನಿ ಬಿಳಿ ಅಥವಾ ತಿಳಿ ಬೂದು ಬೆರೆಸಿ ಕಡುತನ ಇಳಿಸುತ್ತಾರೆ. ಎಷ್ಟು ಬೆರೆಸಬೇಕು ಎಂಬುದಕ್ಕೆ ಒಂದೇ ಸೂತ್ರ ಇಲ್ಲ. ಕಣ್ಣೇ ತೀರ್ಪುಗಾರ.

ಕಿಟ್ ಇಲ್ಲದಿದ್ದರೆ?

ಕಿಟ್‌ಗಳು ಎಲ್ಲ ಊರಲ್ಲೂ ಸಿಗುವುದಿಲ್ಲ, ಸಿಕ್ಕರೂ ಅಗ್ಗ ಅಲ್ಲ. ಆದರೆ 1942ರ ಆ ಮಕ್ಕಳ ಹತ್ತಿರವೂ ಪ್ಲಾಸ್ಟಿಕ್ ಕಿಟ್ ಇರಲಿಲ್ಲ. ಮರ, ಉಪ್ಪುಕಾಗದ, ಕಪ್ಪು ಬಣ್ಣ, ನಂಬಬಹುದಾದ ಅಳತೆ ಇಷ್ಟೇ ಇದ್ದದ್ದು. ನೀವು ರಟ್ಟಿನಲ್ಲಿ ಶುರು ಮಾಡಿ. ಅದಕ್ಕೆ ನಮ್ಮದೇ ಎರಡು ವಿಮಾನ ತೆಗೆದುಕೊಳ್ಳೋಣ.

ಬೆಂಗಳೂರಿನ ವಿಮಾನ ಕಾರ್ಖಾನೆಯನ್ನು 1940ರ ಡಿಸೆಂಬರ್‌ನಲ್ಲಿ ಮೈಸೂರು ಸರ್ಕಾರದ ನೆರವಿನೊಡನೆ ಸ್ಥಾಪಿಸಿದವರು ವಾಲಚಂದ್ ಹಿರಾಚಂದ್. ಅವರು ಹುಟ್ಟಿದ ಊರು ಸೊಲ್ಲಾಪುರ. ಇಂದು ಎಚ್‌ಎಎಲ್ ಎನ್ನುವ ಅದೇ ಕಾರ್ಖಾನೆಯಲ್ಲಿ ತಯಾರಾದ ಜೆಟ್ ಯುದ್ಧವಿಮಾನ 'ಮಾರುತ' 1961ರ ಜೂನ್ 17ರಂದು ಮೊದಲ ಬಾರಿ ಹಾರಿತು. ಅದರ ವಿನ್ಯಾಸದ ತಂಡಕ್ಕೆ ಜರ್ಮನಿಯ ಕುರ್ಟ್ ಟ್ಯಾಂಕ್ ಮುಖ್ಯಸ್ಥರು. ಬೆಂಗಳೂರಿಗೆ ಪ್ರವಾಸ ಹೋದಾಗ ವಿಶ್ವೇಶ್ವರಯ್ಯ ವಸ್ತುಸಂಗ್ರಹಾಲಯದಲ್ಲಿ ಒಂದು ಮಾರುತ ನಿಂತಿರುವುದನ್ನು ನೋಡಬಹುದು. ಎರಡನೆಯದು ಇಂದಿನ 'ತೇಜಸ್'. ಅದೂ ಎಚ್‌ಎಎಲ್‌ನಲ್ಲೇ ತಯಾರಾಗುವುದು.

ಮಾಡಿ ನೋಡಿ

1. ಮಾರುತದ ಉದ್ದ 15.87 ಮೀಟರ್, ರೆಕ್ಕೆಯ ಅಗಲ 9 ಮೀಟರ್. 72ರಿಂದ ಭಾಗಿಸಿದರೆ 22 ಮತ್ತು 12.5 ಸೆಂಟಿಮೀಟರ್. ತೇಜಸ್‌ನ ಉದ್ದ 13.2 ಮೀಟರ್, ರೆಕ್ಕೆಯ ಅಗಲ 8.2 ಮೀಟರ್. ಅದರ ಅಳತೆಯನ್ನು ನೀವು ತೆಗೆಯಿರಿ.

2. ಎರಡರ ಮೇಲ್ನೋಟದ ಚಿತ್ರವನ್ನು ನೋಡಿಕೊಂಡು ಆ ಅಳತೆಯ ಚೌಕದೊಳಗೆ ರಟ್ಟಿನ ಮೇಲೆ ಬಿಡಿಸಿ ಕತ್ತರಿಸಿ. ಮಾರುತದ ರೆಕ್ಕೆ ಹಿಂದಕ್ಕೆ ವಾಲಿದೆ, ಬಾಲದಲ್ಲಿ ಬೇರೆ ಸಣ್ಣ ರೆಕ್ಕೆ ಇದೆ. ತೇಜಸ್‌ನದು ತ್ರಿಕೋನದ ರೆಕ್ಕೆ, ಬಾಲದಲ್ಲಿ ಅಡ್ಡರೆಕ್ಕೆ ಇಲ್ಲ. ಎರಡಕ್ಕೂ ಕಪ್ಪು ಬಣ್ಣ ಹಚ್ಚಿ.

3. ಶಾಲೆಯ ಜಗಲಿಯಲ್ಲಿ 10 ಮೀಟರ್ ಅಳೆದು ಗುರುತು ಹಾಕಿ. ಒಬ್ಬರು ಆ ತುದಿಯಲ್ಲಿ ನಿಂತು ಒಂದು ವಿಮಾನವನ್ನು ಎರಡು ಸೆಕೆಂಡು ಎತ್ತಿ ತೋರಿಸಿ ಇಳಿಸಲಿ. ಉಳಿದವರು ಯಾವುದೆಂದು ಬರೆಯಲಿ. ಇಪ್ಪತ್ತು ಸಲ ಮಾಡಿ, ಎಷ್ಟು ಸರಿ ಎಂದು ಎಣಿಸಿ. ಆಮೇಲೆ ವಿಮಾನವನ್ನು ಓರೆಯಾಗಿ ಹಿಡಿದು ಮತ್ತೆ ಇಪ್ಪತ್ತು ಸಲ.

4. ಈಗ ತೇಜಸ್ಸನ್ನೇ ಇನ್ನೊಮ್ಮೆ ಕತ್ತರಿಸಿ, ಆದರೆ ಬೇಕೆಂದೇ ರೆಕ್ಕೆಯನ್ನು ಎರಡು ಸೆಂಟಿಮೀಟರ್ ಅಗಲ ಮಾಡಿ. ಯಾರಿಗೂ ಹೇಳದೆ ಅದನ್ನೂ ಆಟದೊಳಗೆ ಸೇರಿಸಿ. ಎಷ್ಟು ಮಂದಿ ತಪ್ಪಿದರು, ಯಾವ ದೂರದಲ್ಲಿ ತಪ್ಪಿದರು ಎಂದು ಬರೆದಿಡಿ. ಆ ಪಟ್ಟಿಯನ್ನು ಮುಂದಿನ ವಿಜ್ಞಾನ ಮೇಳದಲ್ಲಿ ವಿಮಾನದ ಪಕ್ಕದಲ್ಲೇ ಅಂಟಿಸಿ.